ಅಧ್ಯಕ್ಷರ ಅವಧಿಯೂ ಅಂತರಿಕ್ಷದ ಅವಧಿಯೂ: ಅಮೆರಿಕದ ಕನ್ನಡಿಗ ಮತದಾರರಿಗೊಂದು ಬಹಿರಂಗ ಪತ್ರ

ಮಾನ್ಯ ಬಂಧುಗಳೇ,

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ನೆಲೆಸಿ, ಅಲ್ಲಿಯ ಪೌರತ್ವವನ್ನು ಸ್ವೀಕರಿಸಿ, ನಾಲ್ಕು ವರ್ಷಗಳಿಗೊಮ್ಮೆ ಆ ರಾಷ್ಟ್ರದ ಅಧ್ಯಕ್ಷರನ್ನು ಆರಿಸುವ ಹಕ್ಕನ್ನೂ ಹೊಣೆಯನ್ನೂ ಪಡೆದಿರುವ ಕನ್ನಡಿಗರಾದ ತಮ್ಮಲ್ಲಿ ನಾನು ಒಂದು ವಿಷಯವನ್ನು ವಿಜ್ಞಾಪಿಸಿಕೊಳ್ಳಬೇಕೆಂದಿದ್ದೇನೆ. ಮೈಸೂರಿನಲ್ಲಿ ಕುಳಿತು ಪರದೇಶದ ಚುನಾವಣೆಯಲ್ಲಿ ಇಂಥವರನ್ನು ಗೆಲ್ಲಿಸಿರೆಂದು ಹೇಳುವ ಅಧಿಕಾರ ನನಗಿಲ್ಲ, ಹೇಳುವ ಇಚ್ಛೆಯೂ ಇಲ್ಲ. ಆದರೆ ಮನುಷ್ಯನನ್ನು ಭೂಮಿಯಾಚೆಗೆ ಕಳುಹಿಸುವ ಮಹತ್ಕಾರ್ಯದಲ್ಲಿ ಆ ದೇಶದ ಅಧ್ಯಕ್ಷಪದವಿಯು ಆರು ದಶಕಗಳಿಗೂ ಮೀರಿ ಹೇಗೆ ಕೈಯಿಟ್ಟಿದೆ, ಏನನ್ನು ಕಟ್ಟಿದೆ, ಏನನ್ನು ಕೆಡವಿದೆ ಎಂಬುದನ್ನು ದೂರದಿಂದಲಾದರೂ ಶ್ರದ್ಧೆಯಿಂದ ಗಮನಿಸುತ್ತ ಬಂದ ನನಗೆ, ಆ ಕಾರ್ಯಕ್ಕೆ ಹಣದ ಕೊರತೆಗಿಂತಲೂ ಯಂತ್ರಗಳ ವೈಫಲ್ಯಕ್ಕಿಂತಲೂ ಹೆಚ್ಚಿನ ಕೇಡನ್ನುಂಟುಮಾಡಿರುವುದು ಗುರಿಯ ಚಂಚಲತೆಯೇ ಎಂಬ ನಿಶ್ಚಯವುಂಟಾಗಿದೆ. ಆ ಚಂಚಲತೆಯನ್ನು ತಡೆಯಬಲ್ಲವರು ಅಭ್ಯರ್ಥಿಗಳನ್ನು ನಿಲ್ಲಿಸಿ ಪ್ರಶ್ನಿಸಬಲ್ಲ ಮತದಾರರೇ ಹೊರತು ಬೇರೆ ಯಾರೂ ಅಲ್ಲವೆಂದೂ ನಾನು ನಂಬುತ್ತೇನೆ.

ಈ ವ್ಯವಹಾರದಲ್ಲಿ ಕರ್ಣಾಟಕದವನಿಗೇನು ಪ್ರಸಕ್ತಿ ಎಂದು ಯಾರಾದರೂ ಕೇಳಿದರೆ, 2025ರ ಜೂನ್ ತಿಂಗಳಿನ ಒಂದು ಘಟನೆಯನ್ನು ಜ್ಞಾಪಿಸುತ್ತೇನೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅಲ್ಲಿಯ ಐಐಟಿಯವರೊಡಗೂಡಿ ಸಿದ್ಧಪಡಿಸಿದ ಹೆಸರುಕಾಳು ಮತ್ತು ಮೆಂತ್ಯದ ಬೀಜಗಳು, ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಅವರೊಂದಿಗೆ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣಕ್ಕೆ ಹೋಗಿ, ತೂಕವೇ ತೋರದ ಆ ನೆಲೆಯಲ್ಲಿ ಹೇಗೆ ಮೊಳೆಯುತ್ತವೆಂಬ ಪರೀಕ್ಷೆಗಾಗಿ ಕಾದಿದ್ದ ದಿನಗಳವು. ಉಡಾವಣೆಗೆ ಇನ್ನು ಐದೇ ದಿನಗಳಿವೆಯೆಂದು ಎಣಿಸುತ್ತಿದ್ದಾಗ, ಜೂನ್ 5ರಂದು, ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರಿಗೂ ಸ್ಪೇಸ್‌ಎಕ್ಸ್ ಸಂಸ್ಥೆಯ ಒಡೆಯರಾದ ಇಲಾನ್ ಮಸ್ಕ್ ಅವರಿಗೂ ಒಂದು ತೆರಿಗೆ-ವೆಚ್ಚಗಳ ಮಸೂದೆಯ ಕಾರಣವಾಗಿ ಬಹಿರಂಗ ಕಲಹವೆದ್ದಿತು. ಮಸ್ಕ್ ಅವರ ಸಂಸ್ಥೆಗೆ ಕೊಟ್ಟ ಸರ್ಕಾರದ ಗುತ್ತಿಗೆಗಳನ್ನು ನಿಲ್ಲಿಸಿಬಿಡಬಹುದೆಂದು ಅಧ್ಯಕ್ಷರು ಗದರಿಸಿದರು, ಡ್ರ್ಯಾಗನ್ ನೌಕೆಯನ್ನೇ ಬಳಕೆಯಿಂದ ತೆಗೆದುಬಿಡುವೆನೆಂದು ಮಸ್ಕ್ ಅವರು ಮರುನುಡಿದರು. ಅಮೆರಿಕದ ನೆಲದಿಂದ ಮನುಷ್ಯರನ್ನು ನಿಲ್ದಾಣಕ್ಕೊಯ್ದು ಮರಳಿ ತರಬಲ್ಲ ನೌಕೆ ಆ ಹೊತ್ತಿಗೆ ಅದೊಂದೇ ಆಗಿದ್ದಿತು. ಕೆಲವೇ ಗಂಟೆಗಳಲ್ಲಿ ಮಸ್ಕ್ ಅವರು ಆ ಮಾತನ್ನು ಹಿಂತೆಗೆದುಕೊಂಡರೆಂಬುದು ನಿಜ. ಶುಕ್ಲಾ ಅವರೂ ಧಾರವಾಡದ ಬೀಜಗಳೂ ಜೂನ್ 25ರಂದು ಮೇಲೇರಿದರೆಂಬುದೂ ನಿಜ. ಆದರೂ ಅನೇಕ ರಾಷ್ಟ್ರಗಳ ವಿಜ್ಞಾನಿಗಳ ವರ್ಷಗಟ್ಟಲೆಯ ಪರಿಶ್ರಮವು ಇಬ್ಬರು ವ್ಯಕ್ತಿಗಳ ಕೋಪದ ಅಂಚಿನಲ್ಲಿ ಒಂದು ಸಂಜೆಯ ಮಟ್ಟಿಗಾದರೂ ತೂಗಾಡಿತಲ್ಲ, ಅಂಥ ಸ್ಥಿತಿ ಹೇಗೆ ಒದಗಿತೆಂಬುದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಈ ವಿಷಯವನ್ನೆತ್ತಿದ ಕೂಡಲೆ ಎಲ್ಲರ ನಾಲಗೆಯ ಮೇಲೂ ಬರುವುದು ಜಾನ್ ಕೆನಡಿಯವರ ಹೆಸರು. ದೂರದೃಷ್ಟಿಯುಳ್ಳ ಒಬ್ಬ ತರುಣ ಅಧ್ಯಕ್ಷರು ಎದ್ದು ನಿಂತು ಒಂದು ಮಾತನ್ನಾಡಿದರು, ರಾಷ್ಟ್ರವು ಆ ಮಾತನ್ನು ಹಿಡಿದು ಚಂದ್ರನನ್ನು ಮುಟ್ಟಿತು ಎಂಬ ಕಥನವು ಎಷ್ಟು ಮನೋಹರವೋ ಅಷ್ಟೇ ಅಪಾಯಕಾರಿಯೂ ಆಗಿದೆಯೆಂದು ನನ್ನ ಅಭಿಪ್ರಾಯ. ಏಕೆಂದರೆ ಅಲ್ಲಿಂದ ಮುಂದೆ ಬಂದ ಅಧ್ಯಕ್ಷರಲ್ಲಿ ಬಹುಮಂದಿ ತಾವೂ ಅಂಥದೇ ಒಂದು ಭಾಷಣವನ್ನು ಮಾಡಿದರೆ ಸಾಕೆಂದು ಭಾವಿಸಿದಂತಿದೆ. ನಡೆದುದು ಬೇರೆ. 1961ರ ಏಪ್ರಿಲ್ 12ರಂದು ಯೂರಿ ಗಗಾರಿನ್ ಭೂಮಿಯನ್ನು ಸುತ್ತಿಬಂದ. ಅದೇ ತಿಂಗಳಿನಲ್ಲಿ ಕ್ಯೂಬಾದ ಮೇಲಿನ ದಾಳಿಯು ಮುಗ್ಗರಿಸಿ ಕೆನಡಿಯವರ ಮಾನಕ್ಕೆ ಭಂಗವಾಯಿತು. ಏಪ್ರಿಲ್ 20ರಂದು ಅವರು ಉಪಾಧ್ಯಕ್ಷ ಲಿಂಡನ್ ಜಾನ್ಸನ್ ಅವರಿಗೆ ಪತ್ರ ಬರೆದು, ಸೋವಿಯೆತ್ತರನ್ನು ನಾವು ಸೋಲಿಸಬಲ್ಲಂಥ ಅಂತರಿಕ್ಷಕಾರ್ಯ ಯಾವುದಾದರೂ ಉಂಟೇ ಎಂದು ವಿಚಾರಿಸಿದರು. ಮೇ 25ರಂದು ಅವರು ಕಾಂಗ್ರೆಸ್ಸಿನ ಉಭಯಸಭೆಗಳ ಮುಂದೆ ಚಂದ್ರನ ಮಾತನ್ನಾಡಿದಾಗ, ಅಮೆರಿಕಕ್ಕಿದ್ದ ಮಾನವಯಾನದ ಅನುಭವವೆಲ್ಲ ಸೇರಿ ಆಲನ್ ಶೆಪರ್ಡ್ ಅವರ ಹದಿನೈದು ನಿಮಿಷಗಳ ಹಾರಾಟ ಮಾತ್ರವಾಗಿದ್ದಿತು. ಮುಂದಿನ ವರ್ಷದ ನವೆಂಬರಿನಲ್ಲಿ ನಾಸಾದ ಮುಖ್ಯಾಧಿಕಾರಿ ಜೇಮ್ಸ್ ವೆಬ್ ಅವರೊಡನೆ ನಡೆದ, ಧ್ವನಿಮುದ್ರಿತವಾಗಿ ಉಳಿದಿರುವ ಸಂವಾದದಲ್ಲಿ, ಸೋವಿಯೆತ್ತರಿಗಿಂತ ಮೊದಲು ಚಂದ್ರನನ್ನು ತಲಪುವುದೊಂದೇ ಮುಖ್ಯವೆಂದೂ, ಅದಿಲ್ಲದಿದ್ದರೆ ಅಂತರಿಕ್ಷದಲ್ಲಿ ತಮಗೆ ಅಷ್ಟು ಆಸಕ್ತಿಯಿಲ್ಲವೆಂದೂ ಅವರೇ ಸ್ಪಷ್ಟವಾಗಿ ಹೇಳಿದ್ದಾರೆ. 1963ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯಲ್ಲಿ ಮಾತನಾಡುತ್ತ, ಅದೇ ಸೋವಿಯೆತ್ತರೊಡನೆ ಕೂಡಿಕೊಂಡು ಚಂದ್ರನಿಗೆ ಹೋಗಬಹುದೆಂಬ ಸೂಚನೆಯನ್ನೂ ಅವರು ಮುಂದಿಟ್ಟರು. ಎರಡೇ ತಿಂಗಳಲ್ಲಿ ಅವರ ಹತ್ಯೆಯಾಯಿತು.

ಇಲ್ಲಿ ನಮ್ಮ ಕೃತಜ್ಞತೆಗೆ ಪಾತ್ರರಾಗಬೇಕಾದವರು, ಯಾರೂ ಅಷ್ಟಾಗಿ ಸ್ಮರಿಸದ ಜಾನ್ಸನ್ನರು. 1958ರಲ್ಲಿ ನಾಸಾ ಸಂಸ್ಥೆಯನ್ನು ಹುಟ್ಟಿಸಿದ ಶಾಸನಕ್ಕೆ ಸೆನೆಟ್ಟಿನಲ್ಲಿ ರೂಪುಕೊಟ್ಟವರು ಅವರು. ಗತಿಸಿದ ನಾಯಕನ ಸಂಕಲ್ಪವನ್ನು ತಮ್ಮದೆಂದೇ ಭಾವಿಸಿ, ಒಂದು ಕಡೆ ವಿಯೆಟ್ನಾಮಿನ ಯುದ್ಧವೂ ಇನ್ನೊಂದು ಕಡೆ ದಾರಿದ್ರ್ಯನಿವಾರಣೆಯ ಯೋಜನೆಗಳೂ ಬೊಕ್ಕಸವನ್ನು ಹೀರುತ್ತಿದ್ದ ಕಾಲದಲ್ಲಿಯೂ ಅಪೊಲೋ ಯೋಜನೆಯನ್ನು ಕೈಬಿಡದೆ ನಡೆಸಿದವರೂ ಅವರೇ. 1966ರಲ್ಲಿ ನಾಸಾದ ಪಾಲು ಒಕ್ಕೂಟ ಸರ್ಕಾರದ ಒಟ್ಟು ವೆಚ್ಚದಲ್ಲಿ ನೂರಕ್ಕೆ ನಾಲ್ಕನ್ನು ಮೀರಿದ್ದಿತು; ಈಗ ಅದು ನೂರಕ್ಕೆ ಅರ್ಧವೂ ಇಲ್ಲ. ಸ್ಯಾಟರ್ನ್ ರಾಕೆಟ್ಟುಗಳ ಹೊಸ ತಯಾರಿಕೆ ನಿಂತುದು 1968ರಲ್ಲಿ, ಅವರ ಅವಧಿಯ ಕೊನೆಯಲ್ಲಿಯೇ, ಎಂಬುದನ್ನೂ ಮರೆಯಬಾರದು. ಆದರೂ ಕೆನಡಿಯವರು ಆರಂಭಿಸಿದುದನ್ನು ಜಾನ್ಸನ್ನರು ಮುಂದುವರಿಸದೆ ತಮ್ಮದೊಂದು ಬೇರೆ ಗುರಿಯನ್ನು ಸಾರಿದ್ದರೆ, 1969ರ ಜುಲೈ 20 ಜಗತ್ತಿನ ಚರಿತ್ರೆಯಲ್ಲಿ ಸಾಮಾನ್ಯವಾದ ಒಂದು ಭಾನುವಾರವಾಗಿ ಕಳೆದುಹೋಗುತ್ತಿತ್ತು.

ಚಂದ್ರನ ಮೇಲೆ ನಿಂತವರೊಡನೆ ದೂರವಾಣಿಯಲ್ಲಿ ಮಾತನಾಡುವ ಯೋಗ ರಿಚರ್ಡ್ ನಿಕ್ಸನ್ ಅವರಿಗೆ ದೊರೆಯಿತು; ಆ ಯೋಗವನ್ನು ತಂದುಕೊಟ್ಟ ಕಾರ್ಯವನ್ನು ಮುಗಿಸಿದವರೂ ಅವರೇ ಆದರು. ಉಪಾಧ್ಯಕ್ಷ ಆಗ್ನ್ಯೂ ಅವರ ಸಮಿತಿಯು ನಿಲ್ದಾಣ, ಪುನರ್ಬಳಕೆಯ ನೌಕೆ, ಕೊನೆಗೆ ಮಂಗಳಗ್ರಹ ಎಂಬ ವಿಸ್ತಾರವಾದ ಯೋಜನೆಯನ್ನು 1969ರಲ್ಲಿ ಮುಂದಿಟ್ಟಿದ್ದರೂ, ಅದರಲ್ಲಿ ಅವರು ಉಳಿಸಿಕೊಂಡುದು ಮುಂದೆ ಶಟಲ್ ಎಂದು ಹೆಸರಾದ ನೌಕೆಯೊಂದನ್ನು ಮಾತ್ರ. ಅಪೊಲೋದ ಕೊನೆಯ ಮೂರು ಯಾತ್ರೆಗಳು ರದ್ದಾದುವು. 16 ಮತ್ತು 17ನೆಯ ಯಾತ್ರೆಗಳೂ ಅದೇ ದಾರಿ ಹಿಡಿಯಲಿದ್ದುವು. ಆಗ ಆಯವ್ಯಯ ಕಚೇರಿಯ ಉಪನಿರ್ದೇಶಕರಾಗಿದ್ದ ಕ್ಯಾಸ್ಪರ್ ವೈನ್‌ಬರ್ಗರ್ ಅವರು, ಮಿತವ್ಯಯಕ್ಕೆ ಹೆಸರಾದವರಾಗಿದ್ದರೂ, 1971ರ ಆಗಸ್ಟಿನಲ್ಲಿ ಅಧ್ಯಕ್ಷರಿಗೆ ಒಂದು ಟಿಪ್ಪಣಿ ಬರೆದು, ಇವನ್ನೂ ನಿಲ್ಲಿಸಿದರೆ ನಮ್ಮ ಒಳ್ಳೆಯ ದಿನಗಳು ಮುಗಿದುಹೋದುವೆಂದು ನಾವೇ ಲೋಕಕ್ಕೆ ಸಾರಿದಂತಾಗುತ್ತದೆ ಎಂದು ಎಚ್ಚರಿಸಿದರು. ನಿಕ್ಸನ್ನರು ಅದರ ಮೇಲೆ ತಮ್ಮ ಸಮ್ಮತಿಯನ್ನು ಬರೆದರು. ಹೀಗೆ ಆ ಎರಡು ಯಾತ್ರೆಗಳು ಉಳಿದುವು. 1972ರ ಡಿಸೆಂಬರಿನಲ್ಲಿ ಯೂಜೀನ್ ಸರ್ನನ್ ಚಂದ್ರನಿಂದ ಹೊರಟ ಬಳಿಕ ಆ ಶತಮಾನದಲ್ಲಿ ಮತ್ತಾರೂ ಅಲ್ಲಿ ಕಾಲಿಡಲಿಲ್ಲ. ಹಾರುವುದಕ್ಕೆಂದೇ ಕಟ್ಟಿ ಹಾರದೆ ಉಳಿದ ಸ್ಯಾಟರ್ನ್ ರಾಕೆಟ್ಟುಗಳ ಭಾಗಗಳನ್ನು ಹ್ಯೂಸ್ಟನ್ನಿನಲ್ಲಿಯೂ ಫ್ಲಾರಿಡಾದಲ್ಲಿಯೂ ತಾವು ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿರಬಹುದು. ರಾಕೆಟ್ಟನ್ನು ಕಟ್ಟಿ ಮುಗಿಸಿಯೂ ಅದರ ಯಾತ್ರೆಯನ್ನು ನಿಲ್ಲಿಸಿದ ಈ ನಿರ್ಣಯದಲ್ಲಿ ಉಳಿತಾಯವಾದುದು ಸ್ವಲ್ಪ. ಕಳೆದುಹೋದುದು ಒಂದು ತಲೆಮಾರಿನ ಕೌಶಲ.

ಮುಂದಿನ ಎರಡು ದಶಕಗಳನ್ನು ಬೇಗನೆ ದಾಟಬಹುದು. ರೊನಾಲ್ಡ್ ರೇಗನ್ನರು 1984ರ ಜನವರಿಯಲ್ಲಿ ಹತ್ತು ವರ್ಷಗಳೊಳಗೆ ನಿಲ್ದಾಣವನ್ನು ಕಟ್ಟುವುದಾಗಿ ಸಾರಿದರು. ಅದರ ಮೊದಲ ಭಾಗ ಮೇಲಕ್ಕೇರಿದುದು 1998ರಲ್ಲಿ. ಹಿರಿಯ ಬುಷ್ ಅವರು 1989ರ ಜುಲೈ 20ರಂದು ಚಂದ್ರ ಮತ್ತು ಮಂಗಳಗಳೆರಡನ್ನೂ ಗುರಿಯಾಗಿ ಘೋಷಿಸಿದರು. ವೆಚ್ಚದ ಅಂದಾಜು 50,000 ಕೋಟಿ ಡಾಲರುಗಳ ಆಸುಪಾಸಿಗೆ ಬಂದಾಗ ಕಾಂಗ್ರೆಸ್ಸು ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. 1993ರ ಜೂನಿನಲ್ಲಿ ನಿಲ್ದಾಣದ ಯೋಜನೆಯನ್ನೇ ತೆಗೆದುಹಾಕಬೇಕೆಂಬ ತಿದ್ದುಪಡಿಯು ಪ್ರತಿನಿಧಿಸಭೆಯಲ್ಲಿ ಬಿದ್ದುಹೋದುದು ಒಂದೇ ಒಂದು ಮತದಿಂದ: ವಿರುದ್ಧವಾಗಿ 216, ಪರವಾಗಿ 215.

2003ರ ಫೆಬ್ರವರಿ 1ರಂದು ಕೊಲಂಬಿಯ ನೌಕೆ ಒಡೆದು, ಹರಿಯಾಣದ ಕರ್ನಾಲಿನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಅವರೂ ಸೇರಿ ಏಳು ಮಂದಿ ಮಡಿದರು. ಅಡ್ಮಿರಲ್ ಹೆರಾಲ್ಡ್ ಗೆಮನ್ ಅವರ ನೇತೃತ್ವದ ತನಿಖಾಮಂಡಲಿಯು ಸಿಡಿದ ನೊರೆಯ ತುಂಡು ರೆಕ್ಕೆಯನ್ನು ಒಡೆದುದನ್ನು ಕಾರಣವೆಂದು ತೋರಿಸಿ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಸಂಸ್ಥೆಯ ನಡವಳಿಕೆಯನ್ನು ಶೋಧಿಸಿ, ಅದಕ್ಕೂ ಆಚೆಗೆ ಹೋಗಿ, ಮನುಷ್ಯರು ಅಂತರಿಕ್ಷದಲ್ಲಿರಲೇಬೇಕೆಂದು ಅಪೇಕ್ಷಿಸುವ ರಾಷ್ಟ್ರೀಯ ಆದೇಶವೇ ಮೂರು ದಶಕಗಳಿಂದ ನಾಸಾಕ್ಕೆ ದೊರೆತಿಲ್ಲವೆಂದು ತನ್ನ ವರದಿಯಲ್ಲಿ ಬರೆಯಿತು. ಏಳು ಜನರ ಸಾವಿನ ಕಾರಣಗಳನ್ನು ಹುಡುಕುತ್ತ ಹೋದವರು ರಾಷ್ಟ್ರದ ಸಂಕಲ್ಪದ ಅಭಾವದವರೆಗೆ ಹೋಗಬೇಕಾಗಿ ಬಂದಿತೆಂಬ ಈ ಸಂಗತಿಯನ್ನು ತಾವು ವಿಶೇಷವಾಗಿ ಪರಿಭಾವಿಸಬೇಕೆಂದು ಬೇಡುತ್ತೇನೆ. ಗುರಿಯಿಲ್ಲದ ಸಂಸ್ಥೆಯಲ್ಲಿ ಗಡುವುಗಳೇ ಗುರಿಯಾಗುತ್ತವೆ, ಗಡುವೇ ಗುರಿಯಾದಲ್ಲಿ ಎಚ್ಚರಿಕೆಯ ಮಾತು ಕಿವಿಗೆ ಬೀಳುವುದಿಲ್ಲ.

ಆ ವರದಿಯ ಫಲವಾಗಿ ಕಿರಿಯ ಬುಷ್ ಅವರು 2004ರ ಜನವರಿ 14ರಂದು, ನಿಲ್ದಾಣವನ್ನು ಪೂರ್ಣಗೊಳಿಸಿ, ಶಟಲ್ ನೌಕೆಗಳನ್ನು 2010ರಲ್ಲಿ ನಿವೃತ್ತಗೊಳಿಸಿ, 2020ರೊಳಗೆ ಚಂದ್ರನಿಗೆ ಮರಳುವುದೆಂಬ ಕ್ರಮಬದ್ಧವಾದ ನೀತಿಯನ್ನು ಪ್ರಕಟಿಸಿದರು. ಕಾನ್‌ಸ್ಟಲೇಷನ್ ಎಂಬ ಆ ಯೋಜನೆಗೆ ಬೇಕಾದ ಹಣವನ್ನು ಮಾತ್ರ ಅವರ ಸರ್ಕಾರವಾಗಲಿ ಕಾಂಗ್ರೆಸ್ಸಾಗಲಿ ಸಾಕಷ್ಟು ಕೊಡಲಿಲ್ಲ. ಬರಾಕ್ ಒಬಾಮ ಅವರು 2007ರಲ್ಲಿ ಅಭ್ಯರ್ಥಿಯಾಗಿದ್ದಾಗ, ಅದನ್ನು ಐದು ವರ್ಷ ಮುಂದಕ್ಕೆ ಹಾಕಿ ಆ ಹಣವನ್ನು ಶಿಕ್ಷಣಕ್ಕೆ ಬಳಸುವುದಾಗಿ ಹೇಳಿದ್ದರು. 2008ರ ಆಗಸ್ಟಿನಲ್ಲಿ ಉಡಾವಣಾಕೇಂದ್ರದ ನೆರೆಯಲ್ಲಿರುವ ಫ್ಲಾರಿಡಾದ ಟೈಟಸ್‌ವಿಲ್ಲಿಗೆ ಬಂದಾಗ ಆ ಮಾತನ್ನು ಬದಲಾಯಿಸಿದರು. ಅಧ್ಯಕ್ಷರಾದ ಮೇಲೆ, ನಾರ್ಮನ್ ಅಗಸ್ಟೀನ್ ಅವರ ಸಮಿತಿಯು ವರ್ಷಕ್ಕೆ ಸುಮಾರು 300 ಕೋಟಿ ಡಾಲರುಗಳನ್ನು ಹೆಚ್ಚಾಗಿ ಕೊಡದೆ ಯೋಜನೆ ನಡೆಯಲಾರದೆಂದು ತಿಳಿಸಿದಾಗ, 2010ರ ಫೆಬ್ರವರಿಯಲ್ಲಿ ಇಡೀ ಯೋಜನೆಯನ್ನು ರದ್ದುಗೊಳಿಸಲು ಸೂಚಿಸಿದರು. ಅಷ್ಟು ಹೊತ್ತಿಗೆ ಅದರ ಮೇಲೆ ಸುಮಾರು 900 ಕೋಟಿ ಡಾಲರು ವ್ಯಯವಾಗಿದ್ದಿತು. ಜೀವಮಾನವೆಲ್ಲ ಮಿತಭಾಷಿಯಾಗಿದ್ದ ನೀಲ್ ಆರ್ಮ್‌ಸ್ಟ್ರಾಂಗ್ ಅವರು, ಸರ್ನನ್ ಮತ್ತು ಜಿಮ್ ಲವೆಲ್ ಅವರೊಡನೆ ಸೇರಿ, ಈ ನಿರ್ಣಯವನ್ನು ಆಕ್ಷೇಪಿಸಿ ಬಹಿರಂಗ ಪತ್ರವನ್ನು ಬರೆದರು. ಚಂದ್ರನ ಬದಲು 2025ರಲ್ಲಿ ಒಂದು ಕ್ಷುದ್ರಗ್ರಹ, 2030ರ ದಶಕದ ಮಧ್ಯದಲ್ಲಿ ಮಂಗಳನ ಕಕ್ಷೆ ಎಂಬುದು ಹೊಸ ಗುರಿಯಾಯಿತು. 2025 ಬಂದಿತು, ಕ್ಷುದ್ರಗ್ರಹದ ಕಡೆಗೆ ಯಾರೂ ಹೊರಡಲಿಲ್ಲ. 2011ರ ಜುಲೈಯಲ್ಲಿ ಕೊನೆಯ ಶಟಲ್ ಇಳಿದಂದಿನಿಂದ 2020ರ ಮೇ ತಿಂಗಳವರೆಗೆ, ಚಂದ್ರನನ್ನು ಮುಟ್ಟಿದ ಆ ರಾಷ್ಟ್ರವು ತನ್ನ ಗಗನಯಾತ್ರಿಗಳನ್ನು ಮೇಲಕ್ಕೆ ಕಳುಹಿಸಲು ರಷ್ಯದ ಸೋಯುಜ್ ನೌಕೆಯಲ್ಲಿ ಆಸನಗಳನ್ನು ಕೊಳ್ಳಬೇಕಾಯಿತು.

ಚುನಾವಣೆಯ ಗಾಳಿಯಲ್ಲಿ ಅಂತರಿಕ್ಷದ ಮಾತು ಹೇಗೆ ಹಗುರವಾಗುತ್ತದೆಂಬುದಕ್ಕೆ 2012ರ ಜನವರಿಯ ಇನ್ನೊಂದು ನಿದರ್ಶನವಿದೆ. ಫ್ಲಾರಿಡಾದ ಕೊಕೊ ಪಟ್ಟಣದಲ್ಲಿ, ಅಧ್ಯಕ್ಷಪದವಿಯನ್ನು ಬಯಸಿದ್ದ ನ್ಯೂಟ್ ಗಿಂಗ್‌ರಿಚ್ ಅವರು ತಮ್ಮ ಎರಡನೆಯ ಅವಧಿ ಮುಗಿಯುವಷ್ಟರಲ್ಲಿ ಚಂದ್ರನ ಮೇಲೆ ಸ್ಥಿರವಾದ ನೆಲೆಯನ್ನು ಸ್ಥಾಪಿಸುವುದಾಗಿ ಮಾತುಕೊಟ್ಟರು. ಮರುದಿನದ ಚರ್ಚೆಯಲ್ಲಿ ಅವರ ಪ್ರತಿಸ್ಪರ್ಧಿ ಮಿಟ್ ರಾಮ್ನಿ ಅವರು, ಅಂಥ ಯೋಜನೆಯನ್ನು ತಮ್ಮ ಮುಂದೆ ತಂದ ಅಧಿಕಾರಿಯನ್ನು ಕೆಲಸದಿಂದ ತೆಗೆದುಬಿಡುತ್ತಿದ್ದೆನೆಂದು ಉತ್ತರಿಸಿದರು. ಸಭಿಕರು ಚಪ್ಪಾಳೆ ತಟ್ಟಿದರು. ಆದರೆ ಚಂದ್ರನ ಮೇಲೆ ನೆಲೆ ಬೇಕೆ ಬೇಡವೇ, ಬೇಕಾದರೆ ಯಾವ ಕೆಲಸಕ್ಕೆ, ಅದರ ಹಣ ಎಲ್ಲಿಂದ, ನಡುವೆ ಬರುವ ಇಬ್ಬರು ಮೂವರು ಅಧ್ಯಕ್ಷರ ಕಾಲದಲ್ಲಿ ಅದನ್ನು ಕಾಯುವವರು ಯಾರು ಎಂಬ ಪ್ರಶ್ನೆಗಳನ್ನು ಆ ಎರಡು ದಿನಗಳ ಗದ್ದಲದಲ್ಲಿ ಯಾರೂ ಬಿಡಿಸಿ ಕೇಳಲಿಲ್ಲ.

ಟ್ರಂಪ್ ಅವರು 2017ರ ಡಿಸೆಂಬರಿನಲ್ಲಿ ಗುರಿಯನ್ನು ಮತ್ತೆ ಚಂದ್ರನತ್ತ ತಿರುಗಿಸಿದುದು ವಿವೇಕದ ಕೆಲಸವೆಂದೇ ನನ್ನ ಎಣಿಕೆ. 2019ರ ಮಾರ್ಚಿನಲ್ಲಿ ಉಪಾಧ್ಯಕ್ಷ ಪೆನ್ಸ್ ಅವರು, 2028ಕ್ಕೆಂದು ಎಣಿಸಿದ್ದ ಚಂದ್ರಾವತರಣವನ್ನು 2024ಕ್ಕೆ ಎಳೆದುತಂದರು; ಆ ವರ್ಷ ಯಾರ ಎರಡನೆಯ ಅವಧಿಯ ಕೊನೆಯ ವರ್ಷವಾಗಬಹುದಾಗಿತ್ತೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಟ್ರಂಪ್ ಅವರ 2025ರ ಡಿಸೆಂಬರಿನ ಆದೇಶದಲ್ಲಿ ಕಾಣುವ ಹೊಸ ಗಡುವಾದ 2028 ಕೂಡ ಅಂಥದೇ. ಈ ನಡುವೆ ಜೋ ಬೈಡನ್ ಅವರು ಒಂದು ಸತ್ಕಾರ್ಯವನ್ನು ಮಾಡಿದರು: ಎದುರಾಳಿಯು ಹೆಸರಿಟ್ಟ ಆರ್ಟೆಮಿಸ್ ಯೋಜನೆಯನ್ನು ಹೆಸರೂ ಬದಲಿಸದೆ ಮುಂದುವರಿಸಿದರು. 2022ರ ನವೆಂಬರ್ 16ರಂದು ಆರ್ಟೆಮಿಸ್‌ನ ಮೊದಲ ಯಾನವು ಮನುಷ್ಯರಿಲ್ಲದೆ ಹೊರಟು, ಚಂದ್ರನನ್ನು ಬಳಸಿ, ಇಪ್ಪತ್ತೈದು ದಿನಗಳ ಮೇಲೆ ಕ್ಷೇಮವಾಗಿ ಮರಳಿದುದು ಈ ಸಾತತ್ಯದ ಫಲ. ಭಾರತವು 2023ರ ಜೂನಿನಲ್ಲಿ ಆರ್ಟೆಮಿಸ್ ಒಡಂಬಡಿಕೆಗೆ ಸಹಿ ಹಾಕಿದುದೂ ಒಬ್ಬ ಅಧ್ಯಕ್ಷರ ಮಾತನ್ನು ಮತ್ತೊಬ್ಬರು ಉಳಿಸಿಕೊಂಡರೆಂಬ ವಿಶ್ವಾಸದಿಂದಲೇ ಅಲ್ಲವೇ?

ಆ ವಿಶ್ವಾಸಕ್ಕೆ 2025ರಲ್ಲಿ ಪೆಟ್ಟು ಬಿದ್ದಿತು. ನಾಸಾದ ಸುಮಾರು 2,480 ಕೋಟಿ ಡಾಲರುಗಳ ವಾರ್ಷಿಕ ಅನುದಾನವನ್ನು 1,880 ಕೋಟಿಗೆ ಇಳಿಸಬೇಕೆಂದೂ, ಮೂರನೆಯ ಆರ್ಟೆಮಿಸ್ ಯಾತ್ರೆಯಾದ ಮೇಲೆ ಎಸ್‌ಎಲ್‌ಎಸ್ ರಾಕೆಟ್ಟನ್ನೂ ಓರಿಯನ್ ನೌಕೆಯನ್ನೂ ನಿಲ್ಲಿಸಬೇಕೆಂದೂ, ಯೂರೋಪು, ಜಪಾನು, ಕೆನಡಗಳು ತಮ್ಮ ತಮ್ಮ ಪಾಲಿನ ಭಾಗಗಳಿಗಾಗಿ ಆಗಲೇ ಶ್ರಮವಹಿಸಿದ್ದ ಗೇಟ್‌ವೇ ಎಂಬ ಚಂದ್ರಕಕ್ಷೆಯ ನಿಲ್ದಾಣವನ್ನು ಕೈಬಿಡಬೇಕೆಂದೂ ಅಧ್ಯಕ್ಷರ ಆಯವ್ಯಯವು ಸೂಚಿಸಿತು. ಎರಡು ತಿಂಗಳಾಗುವಷ್ಟರಲ್ಲಿ, ಅದೇ ರಾಕೆಟ್ಟೂ ಅದೇ ಗೇಟ್‌ವೇಯೂ ಸೇರಿದಂತೆ ನಾಸಾದ ಕೆಲಸಗಳಿಗೆ ಸುಮಾರು 1,000 ಕೋಟಿ ಡಾಲರುಗಳನ್ನು ಕೊಡುವ ಶಾಸನವನ್ನು ಕಾಂಗ್ರೆಸ್ಸು ಮಾಡಿತು, ಅದಕ್ಕೆ ಅದೇ ಅಧ್ಯಕ್ಷರು ಸಹಿ ಹಾಕಿದರು. ನಾಸಾದ ಮುಖ್ಯಸ್ಥರನ್ನಾಗಿ ತಾವೇ ಹೆಸರಿಸಿದ್ದ ಜ್ಯಾರೆಡ್ ಐಸಾಕ್‌ಮನ್ ಅವರ ನಾಮನಿರ್ದೇಶನವನ್ನು ಮೇ ತಿಂಗಳ ಕೊನೆಯಲ್ಲಿ ಹಿಂತೆಗೆದುಕೊಂಡು, ನವೆಂಬರಿನಲ್ಲಿ ಮತ್ತೆ ಅವರನ್ನೇ ಹೆಸರಿಸಿದರು. ಆ ತಿಂಗಳುಗಳಲ್ಲಿ ನಾಸಾವನ್ನು ಬಿಡಲೊಪ್ಪಿದ ನೌಕರರು ಸುಮಾರು ನಾಲ್ಕು ಸಾವಿರ. ಆಯವ್ಯಯದ ಅಂಕಿಗಳನ್ನು ಮುಂದಿನ ವರ್ಷ ತಿದ್ದಬಹುದು. ಬಿಟ್ಟುಹೋದವರ ಮೂವತ್ತು ವರ್ಷದ ಅನುಭವವನ್ನು ಯಾವ ಶಾಸನದಿಂದ ಮರಳಿ ತರಲಾದೀತು? ಗಗನಯಾತ್ರಿಗಳಾದ ಬುಚ್ ವಿಲ್ಮೋರ್ ಮತ್ತು ಸುನೀತಾ ವಿಲಿಯಮ್ಸ್ ಅವರನ್ನು ಹಿಂದಿನ ಸರ್ಕಾರ ನಿಲ್ದಾಣದಲ್ಲಿ ತೊರೆದುಬಿಟ್ಟಿತೆಂಬ ಮಾತನ್ನೂ ಆ ವರ್ಷದ ಆರಂಭದಲ್ಲಿ ರಾಜಕೀಯದ ಅಸ್ತ್ರವಾಗಿ ಬಳಸಿದುದನ್ನು ತಾವು ಕೇಳಿದ್ದೀರಿ; ಅವರು ಮರಳಬೇಕಾದ ನೌಕೆಯು ಎರಡು ಖಾಲಿ ಆಸನಗಳೊಡನೆ 2024ರ ಸೆಪ್ಟೆಂಬರಿನಿಂದಲೇ ನಿಲ್ದಾಣಕ್ಕೆ ಕೂಡಿಕೊಂಡಿತ್ತು.

ಇಷ್ಟನ್ನು ಹೇಳಿದ ಮೇಲೆ ಪ್ರತಿಪಕ್ಷದ ವಾದವನ್ನು ಮರೆಮಾಚುವುದು ನ್ಯಾಯವಲ್ಲ. ಜನರು ಹೊಸ ಅಧ್ಯಕ್ಷರನ್ನು ಆರಿಸುವುದು ಹಳೆಯ ನೀತಿಯನ್ನು ಬದಲಾಯಿಸುವುದಕ್ಕಾಗಿಯೇ ಆಗಿರಬಹುದು. ಹಣವಿಲ್ಲದೆ ಕುಂಟುತ್ತಿದ್ದ ಕಾನ್‌ಸ್ಟಲೇಷನ್ನನ್ನು ಎಷ್ಟು ಕಾಲ ಎಳೆಯಬೇಕಾಗಿತ್ತು ಎಂದು ಒಬಾಮ ಅವರ ಪರವಾದವರು ಕೇಳಿದರೆ ಆ ಪ್ರಶ್ನೆಯಲ್ಲಿ ಹುರುಳುಂಟು. ಎಸ್‌ಎಲ್‌ಎಸ್ ಮತ್ತು ಓರಿಯನ್‌ಗಳ ಮೊದಲ ನಾಲ್ಕು ಯಾತ್ರೆಗಳಿಗೆ ಒಂದೊಂದಕ್ಕೂ 410 ಕೋಟಿ ಡಾಲರು ತಗಲುವುದೆಂದು ನಾಸಾದ ಮಹಾಪರೀಕ್ಷಕರೇ 2022ರಲ್ಲಿ ಲೆಕ್ಕ ಕೊಟ್ಟ ಮೇಲೆ, ಅವನ್ನು ಪ್ರಶ್ನಿಸುವುದು ದ್ರೋಹವಲ್ಲ. ಕಾಂಗ್ರೆಸ್ಸಿನ ಸದಸ್ಯರು ರಾಕೆಟ್ಟನ್ನು ಸಮರ್ಥಿಸುವುದು ಚಂದ್ರನಿಗಾಗಿಯೋ ತಮ್ಮ ಕ್ಷೇತ್ರದ ಕಾರ್ಖಾನೆಗಾಗಿಯೋ ಎಂಬುದೂ ಅನೇಕ ವೇಳೆ ಸಂದಿಗ್ಧವೇ. ಮನುಷ್ಯರನ್ನು ಕಳುಹಿಸುವುದೇ ವ್ಯರ್ಥ, ಯಂತ್ರಗಳು ಸಾಕೆನ್ನುವ ಗೌರವಾರ್ಹರಾದ ವಿಜ್ಞಾನಿಗಳೂ ಇದ್ದಾರೆ. ನಾನು ಆ ಪಕ್ಷದವನಲ್ಲ, ಮನುಷ್ಯನು ತಾನೇ ಹೋಗಿ ಕಂಡು ಬಂದು ಹೇಳುವ ಜ್ಞಾನಕ್ಕೆ ಬದಲಿಯಿಲ್ಲವೆಂದು ನಂಬುವವನು. ಬದಲಾವಣೆಯ ಹಕ್ಕನ್ನು ನಾನು ಅಲ್ಲಗಳೆಯುತ್ತಿಲ್ಲ. ಹಿಂದಿನದನ್ನು ಪರೀಕ್ಷಿಸಿ, ಅದರ ಗುಣದೋಷಗಳನ್ನು ಜನರ ಮುಂದಿಟ್ಟು, ಉಳಿಸತಕ್ಕದ್ದನ್ನು ಉಳಿಸಿ, ಬಿಡತಕ್ಕದ್ದನ್ನು ಬಿಡುವುದು ಒಂದು ಬಗೆ. ಹಿಂದಿನವರ ಹೆಸರಿದೆಯೆಂಬ ಕಾರಣಕ್ಕೋ ತನ್ನ ಹೆಸರಿರಬೇಕೆಂಬ ಆಸೆಗೋ ದಾರಿಯನ್ನು ತಿರುಗಿಸುವುದು ಇನ್ನೊಂದು ಬಗೆ. ಎರಡನೆಯದನ್ನು ಮೊದಲನೆಯದರ ವೇಷದಲ್ಲಿ ನಿಲ್ಲಿಸಿದಾಗ ಅದನ್ನು ಗುರುತಿಸುವ ವಿವೇಚನೆಯು ಮತದಾರರಲ್ಲಿರಬೇಕು.

ಅಮೆರಿಕದ ಚರಿತ್ರೆಯಲ್ಲಿಯೇ ಒಳ್ಳೆಯ ಮಾದರಿಗಳಿವೆ. ಒಂದೇ ಮತದಿಂದ ಬದುಕಿಕೊಂಡ ನಿಲ್ದಾಣವು ಆಮೇಲೆ ಸ್ಥಿರಗೊಂಡುದು, ಕ್ಲಿಂಟನ್ ಅವರು ಅದರೊಳಕ್ಕೆ ರಷ್ಯವನ್ನೂ ಸೇರಿಸಿಕೊಂಡು, ಯೂರೋಪು, ಜಪಾನು, ಕೆನಡಗಳೊಡನೆ 1998ರಲ್ಲಿ ಹೊಸ ಅಂತರಸರ್ಕಾರೀಯ ಒಪ್ಪಂದವನ್ನು ಮಾಡಿಕೊಂಡ ಮೇಲೆ; ಅನ್ಯರಾಷ್ಟ್ರಗಳಿಗೆ ಕೊಟ್ಟ ಮಾತನ್ನು ಮುರಿಯುವುದು ಸ್ವದೇಶದ ಯೋಜನೆಯನ್ನು ಮುರಿಯುವಷ್ಟು ಸುಲಭವಲ್ಲ. ಖಾಸಗಿ ಸಂಸ್ಥೆಗಳಿಂದ ಅಂತರಿಕ್ಷನೌಕೆಯ ಸೇವೆಯನ್ನು ಪಡೆಯುವ ಉಪಕ್ರಮವೂ ಹಾಗೆಯೇ: ಸರಕು ಸಾಗಣೆಗಾಗಿ ಅದನ್ನು 2006ರಲ್ಲಿ ಆರಂಭಿಸಿದುದು ಬುಷ್ ಅವರ ಸರ್ಕಾರ, ಮನುಷ್ಯರ ಸಾಗಣೆಗೆ ವಿಸ್ತರಿಸಿದುದು ಒಬಾಮ ಅವರ ಸರ್ಕಾರ, 2020ರಲ್ಲಿ ಫಲ ಕಂಡುದು ಟ್ರಂಪ್ ಅವರ ಸರ್ಕಾರ. ಪರಸ್ಪರ ಮುಖ ನೋಡಲಾರದ ಪಕ್ಷಗಳು ಇದೊಂದರಲ್ಲಿ ಒಬ್ಬರ ಕೆಲಸವನ್ನು ಮತ್ತೊಬ್ಬರು ಕೆಡಿಸಲಿಲ್ಲ; ಶುಕ್ಲಾ ಅವರು ಏರಿದ ಡ್ರ್ಯಾಗನ್ ನೌಕೆ ಅದರ ಫಲ.

ನಮ್ಮ ಕಡೆಯ ನೆನಪೊಂದನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗಲಾರದು. ಕನ್ನಂಬಾಡಿಯ ಕಟ್ಟೆಯ ಕೆಲಸ 1911ರಲ್ಲಿ ಮೊದಲಾಯಿತು. ವಿಶ್ವೇಶ್ವರಯ್ಯನವರು ದಿವಾನರಾಗಿ ಅದನ್ನು ಮುಂದಕ್ಕೊಯ್ದು 1918ರಲ್ಲಿ ಪದವಿಯನ್ನು ಬಿಟ್ಟರು. ಅವರಾದ ಮೇಲೆ ಬಂದ ದಿವಾನರು ಒಬ್ಬರಾದ ಮೇಲೊಬ್ಬರು ಅದೇ ಕಟ್ಟೆಯನ್ನು ಏರಿಸಿದರೇ ಹೊರತು ತಮ್ಮದೊಂದು ಬೇರೆ ಕಟ್ಟೆಗೆ ಬೇರೆ ಊರಿನಲ್ಲಿ ಗುದ್ದಲಿ ಹಾಕಲಿಲ್ಲ. ಮಿರ್ಜಾ ಇಸ್ಮಾಯಿಲ್ಲರ ಕಾಲದಲ್ಲಿ ಅದು ಪೂರ್ಣವಾಯಿತು. ಅದು ಅರಸರ ಕಾಲ, ಮೇಲೆ ಒಬ್ಬರೇ ಮಹಾರಾಜರಿದ್ದರು ಎನ್ನುವಿರಾದರೆ, ನಮ್ಮ ಪ್ರಜಾಪ್ರಭುತ್ವದ ಕಾಲದ ಸಂಗತಿಯನ್ನೇ ನೋಡಿರಿ: ವಾಜಪೇಯಿಯವರು 2003ರ ಸ್ವಾತಂತ್ರ್ಯದಿನದಂದು ಘೋಷಿಸಿದ ಚಂದ್ರಯಾನವು ಮನಮೋಹನ ಸಿಂಗ್ ಅವರ ಕಾಲದಲ್ಲಿ, 2008ರಲ್ಲಿ, ಹೊರಟಿತು, ಸಿಂಗ್ ಅವರು 2012ರ ಸ್ವಾತಂತ್ರ್ಯದಿನದಂದು ಘೋಷಿಸಿದ ಮಂಗಳಯಾನವು 2014ರ ಸೆಪ್ಟೆಂಬರಿನಲ್ಲಿ ಗುರಿ ಸೇರಿದಾಗ ಪ್ರಧಾನಿಯಾಗಿದ್ದವರು ನರೇಂದ್ರ ಮೋದಿಯವರು. ಅವು ಮನುಷ್ಯರಿಲ್ಲದ, ವೆಚ್ಚದಲ್ಲಿಯೂ ಚಿಕ್ಕವಾದ ಯಾನಗಳೆಂಬ ಭೇದವನ್ನು ಒಪ್ಪುತ್ತೇನೆ. ಮಾನವಯಾನದಲ್ಲಿ ಚೀನವು 1992ರಲ್ಲಿ ಹಾಕಿಕೊಂಡ ಯೋಜನೆಯನ್ನು ಬಿಡದೆ ನಡೆಸಿ, 2003ರಲ್ಲಿ ಯಾಂಗ್ ಲಿವೇಯವರನ್ನು ಕಳುಹಿಸಿ, 2022ರ ಹೊತ್ತಿಗೆ ತನ್ನದೇ ನಿಲ್ದಾಣವನ್ನು ಕಟ್ಟಿ ಮುಗಿಸಿದುದನ್ನು ತೋರಿಸಿ, ದೀರ್ಘಕಾರ್ಯಗಳಿಗೆ ಚುನಾವಣೆಯಿಲ್ಲದ ರಾಜ್ಯವೇ ಯೋಗ್ಯವೆನ್ನುವವರ ಮಾತು ಈಗೀಗ ಕೇಳಿಬರುತ್ತಿದೆ. ನನಗೆ ಅದು ಸರ್ವಥಾ ಒಪ್ಪಿಗೆಯಿಲ್ಲ. ಆದರೆ ಆ ಮಾತನ್ನು ಸುಳ್ಳುಮಾಡುವ ಹೊಣೆ ಚುನಾವಣೆಯಿರುವ ರಾಜ್ಯದ ಪ್ರಜೆಗಳದು, ಅದರಲ್ಲಿಯೂ ತಮ್ಮದು.

ಆದುದರಿಂದ ನನ್ನ ವಿಜ್ಞಾಪನೆಯಿಷ್ಟು. ತಮ್ಮ ಕನ್ನಡ ಕೂಟಗಳ ಹಬ್ಬಗಳಿಗೂ ಸಮ್ಮೇಳನಗಳಿಗೂ ಪ್ರತಿನಿಧಿಸಭೆಯವರನ್ನೋ ಸೆನೆಟ್ಟಿನವರನ್ನೋ ಅಭ್ಯರ್ಥಿಗಳನ್ನೋ ಆಹ್ವಾನಿಸುವ ಸಂದರ್ಭ ಬಂದಾಗ, ಅವರಿಗೆ ಹಾರ ಹಾಕಿ ಶಾಲು ಹೊದಿಸುವುದರೊಂದಿಗೆ ಈ ವಿಷಯದ ಪ್ರಶ್ನೆಗಳನ್ನೂ ಅವರ ಮುಂದಿಡಿರಿ. ಚಂದ್ರನಿಗೋ ಮಂಗಳಕ್ಕೋ ಎಂದು ಕೇಳಬೇಡಿರಿ. ಆ ಪ್ರಶ್ನೆಗೆ ಯಾರು ಬೇಕಾದರೂ ಕಿವಿಗಿಂಪಾದ ಉತ್ತರವನ್ನು ಕೊಡಬಲ್ಲರು. ತಮಗಿಂತ ಹಿಂದಿನವರು ಆರಂಭಿಸಿದ ಕೆಲಸಗಳಲ್ಲಿ ಯಾವುದನ್ನು ಮುಗಿಸುವಿರಿ, ಯಾವುದನ್ನು ನಿಲ್ಲಿಸುವಿರಿ, ನಿಲ್ಲಿಸುವುದಾದರೆ ಅದರಲ್ಲಿ ಭಾಗಿಗಳಾದ ದೇಶಗಳಿಗೆ ಪತ್ರಿಕೆಗಳಿಗಿಂತ ಮೊದಲೇ ತಿಳಿಸುವಿರಾ ಎಂದು ಕೇಳಿರಿ. ತಾವು ಸೂಚಿಸುವ ಗಡುವು ತಮ್ಮ ಅವಧಿಯೊಳಗೇ ಬಿದ್ದಿರುವುದಕ್ಕೆ ಎಂಜಿನಿಯರುಗಳು ಕೊಟ್ಟ ಕಾರಣವೇನು ಎಂದು ಕೇಳಿರಿ. ತಾವು ಅಧಿಕಾರದಿಂದಿಳಿದ ಮರುವರ್ಷ ಆ ಕೆಲಸಕ್ಕೆ ಎಷ್ಟು ಹಣ ಬೇಕಾಗುವುದು, ಅದಕ್ಕೆ ಎದುರುಪಕ್ಷದ ಯಾರ ಸಮ್ಮತಿಯನ್ನು ಈಗಲೇ ಸಂಪಾದಿಸಿದ್ದೀರಿ ಎಂದೂ ಕೇಳಿರಿ. ದೊರೆತ ಉತ್ತರಗಳನ್ನು ತಮ್ಮ ಕೂಟಗಳ ಪತ್ರಿಕೆಗಳಲ್ಲಿ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಅಚ್ಚುಹಾಕಿಸಿರಿ. ಅಚ್ಚಿನಲ್ಲಿ ಬಂದ ಮಾತನ್ನು ಮರೆಯುವುದು ಕಷ್ಟ. ಹ್ಯೂಸ್ಟನ್ನಿನಲ್ಲಿಯೋ ಹಂಟ್ಸ್‌ವಿಲ್ಲಿನಲ್ಲಿಯೋ ವಾಸವಾಗಿರುವವರು ತಮ್ಮ ಊರಿನ ಉದ್ಯೋಗಗಳ ಚಿಂತೆಯನ್ನು ಒಂದು ಗಳಿಗೆ ಬದಿಗಿಟ್ಟು ಈ ಪ್ರಶ್ನೆಗಳನ್ನೆತ್ತಿದರೆ, ಉಳಿದೆಲ್ಲರ ಮಾತಿಗಿಂತಲೂ ಅವರ ಮಾತಿಗೆ ತೂಕ ಹೆಚ್ಚು.

ಎಲ್ಲಕ್ಕಿಂತ ಜರೂರಾದ ಪ್ರಶ್ನೆಯೊಂದಿದೆ. 2000ದ ನವೆಂಬರ್ 2ರಿಂದ ಇಂದಿನವರೆಗೆ ಒಂದು ದಿನವೂ ತೆರಪಿಲ್ಲದೆ ಮನುಷ್ಯರು ವಾಸಿಸುತ್ತಿರುವ ಆ ನಿಲ್ದಾಣವನ್ನು 2030ರ ಬಳಿಕ ಕಡಲಿಗಿಳಿಸುವ ಯೋಜನೆ ಸಿದ್ಧವಾಗಿದೆ, ಅದನ್ನು ಕೆಳಕ್ಕೆ ತರುವ ವಾಹನದ ಗುತ್ತಿಗೆಯನ್ನೂ 2024ರಲ್ಲಿ ಕೊಟ್ಟಾಗಿದೆ. ಅದರ ಬದಲಿಗೆ ಖಾಸಗಿಯವರು ಕಟ್ಟಬೇಕಾದ ನಿಲ್ದಾಣಗಳಲ್ಲಿ ಯಾವುದು ಆ ಹೊತ್ತಿಗೆ ವಾಸಯೋಗ್ಯವಾಗುವುದೋ, ಶಟಲ್ಲು ಹೋಗಿ ಡ್ರ್ಯಾಗನ್ನು ಬರುವವರೆಗೆ ಒಂಬತ್ತು ವರ್ಷ ಬಾಯ್ದೆರೆದಿದ್ದಂಥ ಕಂದರವೇ ಮತ್ತೆ ತೆರೆಯುವುದೋ ಎಂಬುದು 2028ರ ನವೆಂಬರಿನಲ್ಲಿ ತಾವು ಆರಿಸುವವರ ಮೇಜಿನ ಮೇಲೆ ಬಂದು ಬೀಳುವ ಕಾಗದ. ಆ ಪದವಿಯನ್ನು ಬಯಸಿ ತಮ್ಮ ಊರಿಗೆ ಬರುವವರು ಯಾವ ಪಕ್ಷದವರೇ ಆಗಲಿ, ಮೊದಲು ಆ ಕಾಗದದ ಮೇಲೆ ಏನು ಬರೆಯುವಿರೆಂದು ಅವರನ್ನು ಕೇಳಿರಿ.

ಇತಿ,
ತಮ್ಮ ವಿಶ್ವಾಸಿ